ಗಾಲಿಗೆ ಹಾಕಿದ ಊಟದ ತಟ್ಟೆ

ಪಾರ್ಸೆಲ್ ಊಟ ಬಿಚ್ಚಿದ ಮೇಲೆ ಆ ಬೆಳ್ಳಿ ಬಣ್ಣದ ಫಾಯಿಲ್ ಕಾಗದವನ್ನು ನೀವು ಏನು ಮಾಡುತ್ತೀರಿ? ಉಂಡೆ ಕಟ್ಟಿ ಬಿಸಾಡುತ್ತೀರಿ. ನಾನು ಉಂಡೆಯನ್ನೇನೋ ಕಟ್ಟುತ್ತೇನೆ, ಬಿಸಾಡುವುದಿಲ್ಲ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಅಂಥ ಉಂಡೆಗಳು ಸಾಲಾಗಿ ಕೂತಿವೆ. ಮನೆಗೆ ಬಂದವರು ಯಾವುದೋ ವ್ರತದ ಸಾಮಾನು ಅಂದುಕೊಂಡು ಸುಮ್ಮನಾಗುತ್ತಾರೆ. ನನ್ನ ಹೆಂಡತಿ ಸಾವಿತ್ರಿ ಸುಮ್ಮನಾಗುವ ಪೈಕಿಯಲ್ಲ. "ರೀ, ಇವನ್ನ ನೀವು ಬಿಸಾಕ್ತೀರಾ, ನಾನೇ ಬಿಸಾಕ್ಲಾ?" ಎನ್ನುತ್ತಾಳೆ. "ಇರ್ಲಿ ಬುಡು, ಕಾರಿಗೆ ಬೇಕಾಯ್ತವೆ" ಎನ್ನುತ್ತೇನೆ. ಕಾರು ಎಂದ ಕೂಡಲೇ ಅವಳು ಒಂದು ನಗು ನಗುತ್ತಾಳೆ. ಆ ನಗು ನಿಮಗೆ ಅರ್ಥವಾಗಬೇಕಾದರೆ ನಮ್ಮ ಕಾರಿನ ವಿಷಯ ಹೇಳಬೇಕು. ಕಾರಿನ ವಿಷಯ ತೆಗೆದರೆ ಊಟದ ತಟ್ಟೆಯ ವಿಷಯವೂ ಬರುತ್ತದೆ.

ನಮ್ಮದು ಕೆ.ಆರ್. ಪೇಟೆಯಲ್ಲಿ ಪಾತ್ರೆ ಅಂಗಡಿ. ಅಪ್ಪ ಶುರುಮಾಡಿದ್ದು, ನಾನು ಕೆಡಿಸದೆ ಉಳಿಸಿಕೊಂಡಿದ್ದೇನೆ. ಸಾಮಾನು ಮಾರುವವನು ನಾನಾದರೂ ಅಂಗಡಿಗೆ ಹೆಸರು ಬಂದಿರುವುದು ಸಾವಿತ್ರಿಯಿಂದ. ಪಾತ್ರೆಯ ಮೇಲೆ ಹೆಸರು ಕೆತ್ತುವ, ಗುಂಯ್ ಎನ್ನುವ ಆ ಪುಟ್ಟ ಮೆಷಿನ್ನು ಇರುವುದು ಅವಳ ಕೈಯಲ್ಲಿ. ನಮ್ಮ ಕಡೆ ಹೆಸರಿಲ್ಲದ ಲೋಟವನ್ನು ಯಾರೂ ಉಡುಗೊರೆ ಕೊಡುವುದಿಲ್ಲ. ಕೊಟ್ಟವರು ಯಾರು, ಇಸಕೊಂಡವರು ಯಾರು, ಯಾವ ಕಾರಣಕ್ಕೆ ಕೊಟ್ಟರು, ಎಲ್ಲ ಅದರ ಮೇಲೆ ಬರಬೇಕು. ಹೀಗಾಗಿ ಸಿಂಧಘಟ್ಟದಿಂದ ಶೀಳನೆರೆವರೆಗೆ ಜನ ನನ್ನ ಹೆಂಡತಿಯ ಅಕ್ಷರ ನೋಡಿಕೊಂಡೇ ನೀರು ಕುಡಿಯುತ್ತಾರೆ. ಊಟದ ತಟ್ಟೆಗಾದರೆ ನಾವು ಹೆಸರನ್ನು ತಳದ ಹಿಂಬದಿಗೆ ಹಾಕುತ್ತೇವೆ. ಮುಂಬದಿಗೆ ಹಾಕಿದರೆ ಅನ್ನ ಕಲಸುವಾಗ ಬೆರಳಿಗೆ ತರಿತರಿ ಸಿಕ್ಕುತ್ತದೆಂದು ಅಪ್ಪನ ಕಾಲದಿಂದ ಬಂದ ರಿವಾಜು. ಇದನ್ನು ನೀವು ನೆನಪಿಟ್ಟುಕೊಳ್ಳಿ, ಏಕೆಂದರೆ ನಾನು ಮರೆತಿದ್ದೆ.

ಕಾರು ಅಂಬಾಸಿಡರ್. ಅದೂ ಅಪ್ಪನದೇ. ಯಾವುದೋ ರೈಸ್ ಮಿಲ್ಲಿನವರು ಓಡಿಸಿ ಸಾಕಾಗಿ ಕೊಟ್ಟಿದ್ದನ್ನು ಅಪ್ಪ ಪಾತ್ರೆ ಸಾಗಿಸಲೆಂದೇ ತಂದರು. ಹಿಂದಿನ ಸೀಟು ಬಿಚ್ಚಿಟ್ಟು ಅಲ್ಲಿ ಕೊಳಗ, ಬೋಸಿ, ತಪ್ಪಲೆ ತುಂಬಿ, ಮಿಕ್ಕ ಸಂದಿಯಲ್ಲಿ ನನ್ನನ್ನೂ ತಂಗಿಯನ್ನೂ ತುರುಕುತ್ತಿದ್ದರು. ನಾನು ಕೊಳಗದ ಒಳಗೆ ಕೂತು ಮೇಲುಕೋಟೆ ಬೆಟ್ಟ ಹತ್ತಿದವನು. ರಸ್ತೆಯಲ್ಲಿ ಗುಂಡಿ ಸಿಕ್ಕಿದಲ್ಲೆಲ್ಲ ಇಡೀ ಕಾರು ಢಣಾರ್ ಎನ್ನುತ್ತಿತ್ತು. ದಾರಿಗಡ್ಡ ನಿಂತ ಎಮ್ಮೆಗಳು ಆ ಸದ್ದಿಗೇ ಪಕ್ಕಕ್ಕೆ ಹೋಗುತ್ತಿದ್ದುದರಿಂದ ಅಪ್ಪ ಕೆಟ್ಟುಹೋದ ಹಾರನ್ನನ್ನು ರಿಪೇರಿ ಮಾಡಿಸಲೇ ಇಲ್ಲ.

ಆ ಕಾರಿನ ಮುಂದಿನ ಬಂಪರಿನಲ್ಲಿ ಮುಖ ನೋಡಿಕೊಳ್ಳುವುದು ನನಗೂ ತಂಗಿಗೂ ಇದ್ದ ದೊಡ್ಡ ಮನರಂಜನೆ. ಹತ್ತಿರ ಹೋದರೆ ಮೂಗು ಬದನೆಕಾಯಿಯಷ್ಟಾಗುತ್ತಿತ್ತು, ಹಿಂದೆ ಸರಿದರೆ ಇಡೀ ಮನುಷ್ಯ ಸಪಾಟಾಗಿ ಮಲಗಿಬಿಡುತ್ತಿದ್ದ. ಮನೆ ತುಂಬ ಪಾತ್ರೆ ಇದ್ದರೂ ಇಷ್ಟು ಅಂದಗೇಡಿಯಾಗಿ ನಮ್ಮನ್ನು ತೋರಿಸುವ ವಸ್ತು ಇನ್ನೊಂದಿರಲಿಲ್ಲ. ಅವ್ವನಿಗೆ ಬಂಪರು ಕಂಡರೆ ಬೇರೆ ಆಸೆ. ಆಯುಧಪೂಜೆಯ ಹಿಂದಿನ ದಿನ ದೀಪದ ಕಂಬ, ತಂಬಿಗೆ, ಗಂಟೆಗಳ ಸಾಲಿಗೆ ಬಂಪರನ್ನೂ ಸೇರಿಸಿ, ಹುಣಸೆಹಣ್ಣು ಒಲೆಬೂದಿ ಹಾಕಿ ತೆಂಗಿನ ನಾರಿನಲ್ಲಿ ಗಸಗಸ ತಿಕ್ಕುತ್ತಿದ್ದಳು. ಅಪ್ಪ, "ಅದು ಇತ್ತಾಳೆ ಅಲ್ಲ ಕಣೇ, ಕ್ರೋಮು" ಅಂದರೆ, "ಯಾವ್ದಾದ್ರೇನು, ಕೊಳೆ ಕೊಳೇನೇ" ಎನ್ನುತ್ತಿದ್ದಳು. ಹೀಗೆ ವರ್ಷ ವರ್ಷ ತಿಕ್ಕಿ ತಿಕ್ಕಿ ಮೇಲಿನ ಹೊಳಪಿನ ಪದರ ಸವೆದು, ಕೆಳಗಿಂದ ತುಕ್ಕು ಇಣುಕಿತು. ಮಿಕ್ಕವರ ಬಂಪರು ಮಳೆಗೆ ಸಿಕ್ಕಿ ಹಾಳಾಗುತ್ತದೆ. ನಮ್ಮದು ಭಕ್ತಿಗೆ ಸಿಕ್ಕಿ ಹಾಳಾಯಿತು.

ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಕಾರು ಗೋಡೌನಿನ ಪಕ್ಕದ ಶೆಡ್ಡಿನಲ್ಲಿ ನಿಂತಿತು. ಎಂಜಿನ್ನಿಗೆ ಏನೂ ಆಗಿರಲಿಲ್ಲ, ಆಗಾಗ ಒಂದು ಸುತ್ತು ಹೊಡೆಯುತ್ತಿದ್ದೆ. ಮೋರೆ ಮಾತ್ರ ನೋಡುವಂತಿರಲಿಲ್ಲ. ಇಂಥ ಹೊತ್ತಿನಲ್ಲಿ ಬೂಕನಕೆರೆಯ ಚನ್ನೇಗೌಡ ಅಂಗಡಿಗೆ ಬಂದ. ಸ್ಕೂಲಿನಲ್ಲಿ ನನ್ನ ಪಕ್ಕ ಕೂತು, ನನ್ನ ಬುತ್ತಿಯನ್ನೂ ತಿಂದು ಬೆಳೆದವನು.

"ರಾಜ, ನಮ್ ರಂಜಿತಂಗೆ ಮದ್ವೆ ಗೊತ್ತಾಯ್ತು ಕಣ್ಲಾ. ಪಾಂಡವಪುರದ ಹುಡುಗ, ಕಿರಣ ಅಂತ. ಹಾಲಿನ ಡೇರೀಲಿ ಸೆಕ್ರೆಟ್ರಿ ಆಗವ್ನೆ. ನಿಮ್ಮಪ್ಪನ ಕಾರು ಬೇಕು."

"ಆ ಕಾರ್ಯಾಕ್ಲಾ? ಈಗ ಎಂಥೆಂಥವೋ ಬಾಡಿಗೆಗೆ ಸಿಗ್ತವಲ್ಲ."

"ನಾನು ಗಂಡಾಗಿ ಓಗಿದ್ದು ಅದ್ರಲ್ಲೇ. ನನ್ ಮಗ್ಳೂ ಅದ್ರಲ್ಲೇ ಬಂದು ಛತ್ರದ ಮುಂದೆ ತಲೆ ಎತ್ಕಂಡು ಇಳೀಬೇಕು. ಕಾರು ಮಾತ್ರ ಪಳಪಳ ಅಂತಿರ್ಬೇಕು ನೋಡು."

ತಲೆ ಎತ್ತಿಕೊಂಡು ಎಂದು ಅವನು ಯಾಕೆ ಹೇಳಿದ ಅನ್ನುವುದು ನನಗೆ ಗೊತ್ತಿತ್ತು. ಅದಕ್ಕೆ ಮೊದಲು ರಂಜಿತಾಗೆ ಶ್ರೀರಂಗಪಟ್ಟಣದ ಕಡೆಯ ಸತೀಶ ಎಂಬ ಹುಡುಗನ ಜೊತೆ ಮದುವೆ ನಿಶ್ಚಯವಾಗಿತ್ತು. ಬಂದವರಿಗೆಲ್ಲ ತಾಂಬೂಲದ ಜೊತೆ ಕೊಡಲೆಂದು ಚನ್ನೇಗೌಡ ನಮ್ಮಲ್ಲೇ ಸ್ಟೀಲು ತಟ್ಟೆಗಳನ್ನು ಹೇಳಿದ್ದ. ಸಾವಿತ್ರಿ ಕೈ ನೋಯುವವರೆಗೂ 'ಚಿ|| ಸತೀಶ, ಚಿ||ಸೌ|| ರಂಜಿತಾ ಮದುವೆಯ ನೆನಪಿಗಾಗಿ' ಎಂದು ಕೆತ್ತಿದ್ದಳು. ಲಗ್ನ ಹತ್ತಿರವಿದ್ದಾಗ ಗಂಡಿನ ಕಡೆಯವರು ಕಾರಣ ಹೇಳದೆ ಬೇಡವೆಂದುಬಿಟ್ಟರು. ಚನ್ನೇಗೌಡನ ಮನೆಯಲ್ಲಿ ಆಗ ಎಷ್ಟೋ ದಿನ ಯಾರೂ ಜೋರಾಗಿ ಮಾತಾಡಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಹೊರಡುವಾಗ ಅವನು ತಗ್ಗಿದ ದನಿಯಲ್ಲಿ ಹೇಳಿದ. "ಪಾಂಡವಪುರದೋರ್ಗೆ, ಇಂದೆ ಒಂದ್ ಕಡೆ ಮಾತಾಗಿತ್ತು, ಕೂಡ್ಬರ್ಲಿಲ್ಲ ಅಂತ ಅಷ್ಟೇ ಯೋಳಿವ್ನಿ. ತಟ್ಟೆಗಂಟ ಓಗಿತ್ತು ಅಂತ ಯೋಳಿಲ್ಲ. ಗೊತ್ತಾದ್ರೆ ಏನಂತಾರೋ ಏನೋ. ಆ ತಟ್ಟೆ ಯಾರ್ ಕಣ್ಗೂ ಬೀಳಬಾರ್ದು ಕಣ್ಲಾ."

ನಮ್ಮ ಕಡೆ ಮಾತು ಮುರಿಯುವುದು ಬೇರೆ, ತಟ್ಟೆ ಕೆತ್ತಿಸಿದ ಮೇಲೆ ಮುರಿಯುವುದು ಬೇರೆ. ನಾನು ಅವನ ಕೈ ಹಿಡಿದು, "ಅವು ಆಗ್ಲೇ ಗುಜ್ರಿಗೆ ಓದ್ವು ಬುಡ್ಲಾ" ಎಂದೆ. ಸ್ನೇಹಿತನಿಗೆ ಸಮಾಧಾನವಾಗಲಿ ಎಂದು ಆಡಿದ ಸುಳ್ಳು. ತಟ್ಟೆಗಳು ಗೋಡೌನಿನಲ್ಲೇ ಇದ್ದವು. ಫಾಯಿಲ್ ಉಂಡೆಯನ್ನೇ ಬಿಸಾಡದವನು ಹೊಚ್ಚಹೊಸ ತಟ್ಟೆಯನ್ನು ಬಿಸಾಡುತ್ತೇನೆಯೇ?

ಇನ್ನು ಕಾರಿನ ಕೆಲಸ. ಬಂಪರು ಬಿಚ್ಚಿಕೊಂಡು ಮೈಸೂರಿನಲ್ಲಿ ಕ್ರೋಮು ಹಾಕುವವನ ಹತ್ತಿರ ಹೋದೆ. ಅವನು ಬೆರಳಿನಿಂದ ತುಕ್ಕು ಕೆರೆದು ನೋಡಿ ಒಂದು ರೇಟು ಹೇಳಿದ. ಟೀ ಕುಡಿದು ಬರುತ್ತೇನೆ ಅಂತ ಹೇಳಿ, ಬಂಪರು ಸಮೇತ ಎದ್ದುಬಂದೆ. ಆ ಟೀ ಇನ್ನೂ ಮುಗಿದಿಲ್ಲ.

ಕಡಿಮೆ ಖರ್ಚಿನ ದಾರಿ ಹುಡುಕುತ್ತಿದ್ದೇನೆ ಅಂತ ಬಾಯಿಬಿಟ್ಟದ್ದೇ ತಡ, ಊರಿಗೆಲ್ಲ ಬುದ್ಧಿ ಬಂತು. ಒಬ್ಬ ಸೀಮೆಎಣ್ಣೆ ಅಂದ, ಇನ್ನೊಬ್ಬ ಹಲ್ಲುಪುಡಿ ಅಂದ. ಆಲೆಮನೆ ನಡೆಸುವ ಗಿರಾಕಿಯೊಬ್ಬರು, ಬೆಲ್ಲ ಬೆಳ್ಳಗಾಗಲು ಕೊಪ್ಪರಿಗೆಗೆ ಹಾಕುವ ಪುಡಿಯನ್ನೇ ಒಂದು ಪೊಟ್ಟಣ ತಂದುಕೊಟ್ಟು, "ಕಬ್ಬಿನ್ ಆಲನ್ನೇ ಬೆಳ್ಳಗ್ ಮಾಡ್ತದೆ, ಕಬ್ಬಿಣ ಬುಟ್ಟಾತಾ?" ಎಂದರು. ಅದನ್ನು ನೀರಿಗೆ ಕಲಸಿದಾಗ ಬಂದ ನಾತಕ್ಕೆ ಪಕ್ಕದ ಮನೆಯವರು ಗ್ಯಾಸ್ ಸೋರಿದೆಯೆಂದು ಹೊರಗೋಡಿ ಬಂದರು. ಕೊನೆಗೆ ಕೈಹಿಡಿದದ್ದು ಫಾಯಿಲ್ಲೇ. ನಿಂಬೆಹಣ್ಣಿನ ರಸ ಬೆರೆಸಿದ ನೀರಲ್ಲಿ ಉಂಡೆಯನ್ನು ಅದ್ದಿ ಮೆತ್ತಗೆ ಉಜ್ಜುತ್ತ ಹೋದರೆ ಕಂದು ಚುಕ್ಕೆಗಳೆಲ್ಲ ಕರಿ ರಸವಾಗಿ ಇಳಿದುಹೋಗಿ ಕೆಳಗೆ ಉಳಿದಿದ್ದ ಕ್ರೋಮು ಕಂಡಿತು. ಒಣಬಟ್ಟೆಯಲ್ಲಿ ಒರೆಸಿ ಮೇಲೊಂದಿಷ್ಟು ಮೇಣ ತಿಕ್ಕಿದೆ. ಬಗ್ಗಿ ನೋಡಿದರೆ ನನ್ನ ಮೂಗು ಬದನೆಕಾಯಿಯಷ್ಟಾಗಿತ್ತು. ನನಗೆ ಆದ ಸಂತೋಷಕ್ಕೆ ನಾಲಿಗೆಯನ್ನೂ ಚಾಚಿ ನೋಡಿದೆ. ಅದೇ ಹೊತ್ತಿಗೆ ಗಿರಾಕಿಯೊಬ್ಬರು ಬಂದು ನಿಂತಿದ್ದರು.

ಆದರೆ ಫಾಯಿಲ್ಲು ಇದ್ದ ಕ್ರೋಮನ್ನು ಹೊಳೆಸುತ್ತದೆಯೇ ಹೊರತು ಇಲ್ಲದ್ದನ್ನು ತರುವುದಿಲ್ಲ. ಗ್ರಿಲ್ಲಿನ ಒಂದು ಪಟ್ಟಿ ಮುರಿದಿತ್ತು, ಒಂದು ದೀಪದ ಬಳೆ ತುಕ್ಕಿಗೆ ಉದುರಿಹೋಗಿತ್ತು, ಗಾಲಿಯ ನಾಲ್ಕು ಮುಚ್ಚಳಗಳೂ ಜರಡಿಯಾಗಿದ್ದವು. ಶೀಳನೆರೆಯ ಶಿವಲಿಂಗ ನನ್ನ ಸಹಾಯಕ್ಕೆ ನಿಂತಿದ್ದ. ಟ್ರಾಕ್ಟರು ಇಟ್ಟುಕೊಂಡವನು, ಕಬ್ಬಿಣದ ಕೆಲಸವೆಂದರೆ ಊಟ ಬಿಟ್ಟು ಬರುತ್ತಾನೆ. "ಬೆಳ್ಳಿ ಪೇಂಟು ಬಳ್ದುಬುಡನ ಕಣ್ಲಾ" ಎಂದು ಒಂದು ಮುಚ್ಚಳಕ್ಕೆ ಬಳಿದೂಬಿಟ್ಟ. ನೋಡಿದರೆ ಪಂಚಾಯ್ತಿ ಆಫೀಸಿನ ಗೇಟನ್ನು ಗಾಲಿಗೆ ಮೆತ್ತಿದಂತಿತ್ತು. ಆಗ ನನಗೆ ಹೊಳೆಯಿತು. ಹೊಳೆಯುವ ಉಕ್ಕನ್ನೇ ಮಾರುವ ಅಂಗಡಿ ನನ್ನದಾಗಿರುವಾಗ ಪೇಂಟು ಯಾಕೆ?

ಅಲ್ಲಿಂದ ಮುಂದೆ ನಮ್ಮಿಬ್ಬರಿಗೂ ಹುಚ್ಚು ಹತ್ತಿತು. ಅಂಗಡಿಯ ಹಿಟ್ಟಿನ ಜರಡಿಯೊಂದರ ಬಲೆ ಕತ್ತರಿಸಿ ತೆಗೆದು, ಅದರ ಸುತ್ತಿನ ಬಳೆಯನ್ನು ದೀಪಕ್ಕೆ ಹಾಕಿದೆವು. ಬೊಂಬಾಟಾಗಿ ಕೂತಿತು. ಜಾಲರಿ ಸೌಟಿನ ಹಿಡಿಯನ್ನು ಗ್ರಿಲ್ಲಿಗೆ ಪಟ್ಟಿ ಮಾಡಿದೆವು. ಗಾಜಿನ ಶೋಕೇಸಿನ ಅಂಚಿನ ಸ್ಟೀಲು ಪಟ್ಟಿಯನ್ನು ಕಿತ್ತು ಬಾಗಿಲ ಉದ್ದಕ್ಕೂ ಕೂರಿಸಿದೆವು. ಗಾಲಿಗೆ ಇಂಚಿನ ಲೆಕ್ಕದಲ್ಲಿ ಸರಿಕೂತ ಊಟದ ತಟ್ಟೆ, ತಳ ಹೊರಗೆ ಉಬ್ಬಿಕೊಂಡಿರುವ ಹಾಗೆ. ಕಾರಿನಲ್ಲಿ ಪಾತ್ರೆಯ ಸದ್ದು ಬರಬಾರದೆಂದು ಶಿವಲಿಂಗ ಅವನ್ನು ಬೋಲ್ಟು ಹಾಕಿ ಉಸಿರುಗಟ್ಟುವಂತೆ ಬಿಗಿದ. ತಟ್ಟೆ ಎಲ್ಲಿಂದ ತಂದೆ ಅಂತ ನೀವು ಕೇಳುತ್ತೀರಿ. ಗೋಡೌನಿನಲ್ಲಿ ಜನ ಹೇಳಿಹೋಗಿ ಒಯ್ಯದೆ ಬಿಟ್ಟ, ಹೆಸರು ಕೆತ್ತಿದ ತಟ್ಟೆಗಳ ರಾಶಿಯೇ ಇತ್ತು. ಹೆಸರು ಬಿದ್ದ ಪಾತ್ರೆಯನ್ನು ಇನ್ನೊಬ್ಬರು ಕೊಳ್ಳುವುದಿಲ್ಲವಲ್ಲ. ಮೇಲಿದ್ದ ನಾಲ್ಕನ್ನು ಎತ್ತಿಕೊಂಡೆ. ಯಾರದೆಂದು ಓದಲಿಲ್ಲ. ಮೀನು ಮಾರುವವನಿಗೆ ಮೀನಿನ ವಾಸನೆ ಬರುವುದಿಲ್ಲ. ಹುಟ್ಟಿದಾಗಿನಿಂದ ಹೆಸರಿರುವ ಪಾತ್ರೆಗಳ ನಡುವೆಯೇ ಇದ್ದವನಿಗೆ ಅಕ್ಷರಗಳು ಸ್ಟೀಲಿನ ಮೈಯಂತೆಯೇ ಕಾಣುತ್ತವೆ. ಶಿವಲಿಂಗನಿಗೆ ಬೋಲ್ಟು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಸಾವಿತ್ರಿಯಾದರೂ ನೋಡಿದ್ದರೆ ಆಗುತ್ತಿತ್ತು. ಶೋಕೇಸಿನ ಪಟ್ಟಿ ಕಿತ್ತ ಸಿಟ್ಟಿಗೆ ಅವಳು ಆ ಶೆಡ್ಡಿನ ಕಡೆ ತಲೆ ಹಾಕುವುದನ್ನೇ ನಿಲ್ಲಿಸಿದ್ದಳು.

ಮದುವೆಯ ದಿನ ಬೆಳಿಗ್ಗೆ ಬೂಕನಕೆರೆಯಲ್ಲಿ ಕಾರು ನಿಲ್ಲಿಸಿದಾಗ ಚನ್ನೇಗೌಡ ಸುತ್ತ ತಿರುಗಿ ನೋಡಿ ನನ್ನ ಬೆನ್ನಿನ ಮೇಲೆ ಕೈಯಿಟ್ಟ. ಆ ಕೈಯ ಭಾರಕ್ಕೆ ನನ್ನ ಕಣ್ಣು ತುಂಬಿತು. ಹೆಂಗಸರು ಕಾರಿಗೆ ಆರತಿ ಎತ್ತಿ, ನಾಲ್ಕು ಗಾಲಿಗೂ ಕುಂಕುಮವನ್ನು ಅಂಗೈ ತುಂಬ ಬಳಿದು, ಗಾಲಿಯಡಿ ನಿಂಬೆಹಣ್ಣು ಇಟ್ಟರು. ಚನ್ನೇಗೌಡ ನೆಂಟರ ಬಸ್ಸಿನಲ್ಲಿ ಮುಂದೆ ಹೋದ. ಕಾರಿನಲ್ಲಿ ನಾನು, ಪಕ್ಕದಲ್ಲಿ ಶಿವಲಿಂಗ, ಮತ್ತೆ ಕೂರಿಸಿದ ಹಿಂದಿನ ಸೀಟಿನಲ್ಲಿ ರಂಜಿತಾ, ಅವಳ ತಾಯಿ ಮತ್ತು ಸಾವಿತ್ರಿ.

ಪಾಂಡವಪುರ ಇನ್ನೇನು ಬಂತು ಅನ್ನುವಾಗ ಕಬ್ಬಿನ ಟ್ರಾಕ್ಟರೊಂದು ರಸ್ತೆಗಡ್ಡ ಸಿಕ್ಕಿಕೊಂಡು ನಿಂತಿತ್ತು. ಶಿವಲಿಂಗ ಟ್ರಾಕ್ಟರು ಕಂಡ ಕೂಡಲೇ ಬುದ್ಧಿ ಹೇಳಲು ಇಳಿದ. ಇಳಿದವನು ಮುಂದಿನ ಗಾಲಿ ನೋಡಿ ಅಲ್ಲೇ ಕುಕ್ಕರುಗಾಲಲ್ಲಿ ಕೂತ.

"ರಾಜ, ಒಸಿ ಇಲ್ಲಿ ಬಾಲಾ."

ಹೋಗಿ ನೋಡಿದೆ. ಬಳಿದ ಕುಂಕುಮವೆಲ್ಲ ದಾರಿಯ ಗಾಳಿಗೆ ಹಾರಿಹೋಗಿ, ಕೆತ್ತಿದ ಚುಕ್ಕಿಗಳ ಒಳಗೆ ಸೇರಿದ್ದು ಮಾತ್ರ ಉಳಿದಿತ್ತು. ಹೊಳೆಯುವ ಸ್ಟೀಲಿನ ಮೇಲೆ ಕೆಂಪಕ್ಷರದಲ್ಲಿ, ಕುರುಡನೂ ಓದುವಷ್ಟು ಸ್ಪಷ್ಟವಾಗಿ, 'ಚಿ|| ಸತೀಶ, ಚಿ||ಸೌ|| ರಂಜಿತಾ ಮದುವೆಯ ನೆನಪಿಗಾಗಿ' ಎಂದಿತ್ತು. ನಾಲ್ಕು ಗಾಲಿಯ ಮೇಲೂ ಅದೇ ಒಕ್ಕಣೆ.

ಈ ಕಾರು ಹೀಗೇ ಛತ್ರದ ಮುಂದೆ ನಿಂತರೆ ಆ ಹುಡುಗಿಯ ಗತಿ ಏನು, ಚನ್ನೇಗೌಡನ ಗತಿ ಏನು. ಅಂಗಿಯ ತುದಿಯಿಂದ ಒರೆಸಿದೆ. ಕುಂಕುಮ ಇನ್ನಷ್ಟು ಆಳಕ್ಕೆ ಇಳಿಯಿತು. ಶಿವಲಿಂಗ ಗದ್ದೆಯಿಂದ ಕೆಸರು ತಂದು ಮೆತ್ತಿದ. ನಾನು ಮೇಣ ತಿಕ್ಕಿದ ಸ್ಟೀಲಿನ ಮೇಲೆ ಕೆಸರು ನಿಲ್ಲದೆ ಜಾರಿತು. "ಬಿಚ್ಚಾಕು" ಎಂದೆ. "ಸ್ಪಾನರು ಟ್ರಾಕ್ಟರ್ ಸೀಟಿನ್ ಕೆಳ್ಗದೆ" ಎಂದ. "ತಕ್ಕಬಾ ಮತ್ತೆ" ಎಂದೆ. "ಈ ಟ್ರಾಕ್ಟರಲ್ಲ ಕಣ್ಲಾ, ನನ್ ಟ್ರಾಕ್ಟರು, ಶೀಳನೆರೇಲಿ" ಎಂದ.

ಅಷ್ಟರಲ್ಲಿ ಸಾವಿತ್ರಿ ಇಳಿದು ಬಂದಳು. ಗಾಲಿ ನೋಡಿದಳು, ನನ್ನನ್ನು ನೋಡಿದಳು. "ಇದು ನನ್ ಕೈ ಬರಹ" ಎಂದಳು. ಆಮೇಲೆ ಅವಳು ಅಂದದ್ದನ್ನೆಲ್ಲ ಇಲ್ಲಿ ಬರೆಯಲು ಬರುವುದಿಲ್ಲ. ಗುಜರಿಗೆ ಹೋದ ತಟ್ಟೆ ಗಾಲಿಗೆ ಹೇಗೆ ಬಂತು ಅನ್ನುವುದು ಅದರ ಸಾರಾಂಶ. ಆ ಗಲಾಟೆಗೆ ರಂಜಿತಾ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಇಳಿದೇಬಿಟ್ಟಳು. ನಾನು ಗಾಲಿಗೆ ಅಡ್ಡ ನಿಂತೆ. ಗಾಲಿ ನಾಲ್ಕು, ನಾನು ಒಬ್ಬ.

ಅವಳು ಹಿಂದಿನ ಗಾಲಿಯ ಮುಂದೆ ನಿಂತು ಓದಿದಳು. ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಅವಳ ತಾಯಿ ಕಾರಿನೊಳಗಿಂದಲೇ ಅಳಲು ಶುರುಮಾಡಿದರು.

"ಚಿಕ್ಕಪ್ಪ, ಇದ್ರಲ್ಲಿ ನನ್ ಹೆಸ್ರು ಸರ್ಯಾಗೇ ಅದೆ. ಪಕ್ಕದ್ದು ಮಾತ್ರ ತಾನೆ ಬೇಡ್ದಿರೋದು?" ಎಂದಳು. ಬ್ಯಾಗಿನಿಂದ ಸ್ಟಿಕ್ಕರ್ ಬೊಟ್ಟಿನ ಹಾಳೆ ತೆಗೆದು, "ಚಿಕ್ಕವ್ವ, ನಿಮ್ದೂ ಕೊಡಿ. ಅವ್ವ, ಅತ್ತಿದ್ ಸಾಕು, ನಿಂದೂ ತೆಗಿ" ಎಂದಳು.

ಸಾವಿತ್ರಿ ಮಂಡಿಯೂರಿ ಕೂತು ಆ ಹೆಸರಿನ ಮೇಲೆ ಒಂದೊಂದೇ ಬೊಟ್ಟು ಒತ್ತತೊಡಗಿದಳು. ಕೆಂಪು, ಮೆರೂನು, ಕಲ್ಲು ಕೂರಿಸಿದ್ದು. ಅಲ್ಲಲ್ಲಿ ಹೂವಿನ ಹಾಗೆ ಜೋಡಿಸಿದಳು. ಹಾಳೆಯಲ್ಲಿದ್ದವು ಮುಗಿದಾಗ ತನ್ನ ಹಣೆಯ ಬೊಟ್ಟನ್ನೂ ಕಿತ್ತು ಅಂಟಿಸಿ, ಬೆರಳಲ್ಲಿ ಕುಂಕುಮ ಇಟ್ಟುಕೊಂಡಳು. ಟ್ರಾಕ್ಟರು ಪಕ್ಕಕ್ಕೆ ಸರಿಯುವ ಹೊತ್ತಿಗೆ ನಾಲ್ಕು ಗಾಲಿಯ ಮೇಲೂ ರಂಜಿತಾಳೊಬ್ಬಳೇ ಇದ್ದಳು.

ಛತ್ರದ ಮುಂದೆ ಅವಳು ತಲೆ ಎತ್ತಿಕೊಂಡೇ ಇಳಿದಳು. ಗಂಡಿನ ಕಡೆಯ ಹೆಂಗಸರು ಕಾರಿನ ಸುತ್ತ ಸೇರಿ, "ಅಯ್, ಗಾಲಿ ಮೇಲೆಲ್ಲಾ ಎಣ್ಣಿನ್ ಹೆಸ್ರು ಕೆತ್ಸವ್ರೆ ನೋಡ್ರವ್ವಾ" ಎಂದು ಬಾಯಿಮೇಲೆ ಬೆರಳಿಟ್ಟರು. ಗಂಡಿನ ಅಜ್ಜಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ನಮ್ ಹುಡುಗನ್ ಹೆಸ್ರು ಎಲ್ಲವ್ವಾ?" ಎಂದರು. ಸಾವಿತ್ರಿ ಕಣ್ಣೂ ಮಿಟುಕಿಸದೆ, "ಅದು ಧಾರೆ ಆದ್ಮೇಲೆ ಕೆತ್ತೋದು ಅಜ್ಜಿ, ನಮ್ ಕಡೆ ಪದ್ಧತಿ" ಎಂದಳು. ಅಜ್ಜಿ ಪದ್ಧತಿ ಎಂಬ ಮಾತು ಕೇಳಿ ಒಪ್ಪಿಕೊಂಡರು.

ಧಾರೆಯಾಯಿತು, ಊಟವಾಯಿತು. ನಾನು ಊಟಕ್ಕೆ ಹೋಗದೆ ಕಾರಿನ ಪಕ್ಕವೇ ಕಾವಲಿದ್ದೆ. ಯಾರಾದರೂ ಮಕ್ಕಳು ಬೊಟ್ಟು ಕೀಳಲು ಬಂದರೆ ಬೆದರಿಸಿ ಓಡಿಸುತ್ತಿದ್ದೆ. ಬಿಸಿಲೇರಿದಂತೆ ಸ್ಟೀಲು ಕಾದು ಬೊಟ್ಟುಗಳು ಅಂಚಿನಲ್ಲಿ ಏಳತೊಡಗಿದವು. ನಾನು ಸುತ್ತುತ್ತ, ಒತ್ತುತ್ತ, ಬೆರಳು ಸುಟ್ಟುಕೊಳ್ಳುತ್ತ ಇದ್ದಾಗ ಹಿಂದೆ ಯಾರೋ ನಿಂತ ಹಾಗಾಯಿತು. ಮದುಮಗ. ಕಿರಣ. ಬಾಸಿಂಗ ಬಿಚ್ಚಿ, ಹೆಗಲ ಮೇಲೆ ಹಾರ ಹಾಕಿಕೊಂಡು ಗಾಳಿಗೆ ಬಂದಿದ್ದ. ಹಾಲಿಗೆ ನೀರು ಬಿದ್ದಿದ್ದರೆ ಕ್ಯಾನು ನೋಡಿಯೇ ಹೇಳುವ ಹುಡುಗ ಅಂತ ಚನ್ನೇಗೌಡ ಹೊಗಳಿದ್ದ. ಅವನು ಬಗ್ಗಿದ. ಉದುರಲು ಕಾಯುತ್ತಿದ್ದ ಎರಡು ಬೊಟ್ಟು ಎತ್ತಿದ. ಓದಿದ.

ತಪ್ಪೆಲ್ಲ ನನ್ನದು, ಹುಡುಗಿಯದೇನಿಲ್ಲ ಅಂತ ಹೇಳಬೇಕೆಂದುಕೊಂಡೆ. ಅವನು ಆ ಎರಡು ಬೊಟ್ಟುಗಳನ್ನು ಎಂಜಲು ತಾಗಿಸಿ ಎಲ್ಲಿದ್ದವೋ ಅಲ್ಲಿಗೇ ಒತ್ತಿ, ಮೇಲಿಂದ ಹೆಬ್ಬೆರಳಲ್ಲಿ ಒಮ್ಮೆ ಅದುಮಿದ. ಎದ್ದು ನಿಂತು ಆಚೀಚೆ ನೋಡಿ ನನ್ನ ಕಿವಿಯ ಹತ್ತಿರ ಬಂದ.

"ಮಾವ, ತಟ್ಟೆಗಂಟ ಓಗಿತ್ತಾ?"

ನಾನು ಹೌದೆಂದು ತಲೆ ಆಡಿಸಿದೆ.

"ನಂದೂ ಅಷ್ಟೇ. ನಾಗಮಂಗ್ಲದ ಒಂದ್ ಅಂಗ್ಡೀಲಿ ನನ್ ಹೆಸ್ರಿಂದೂ ಇಂಗೇ ಕುಂತವೆ. ಮನೇಲಿ ಯಾರೂ ನಿಮ್ ಕಡೆಯೋರ್ಗೆ ಯೋಳಿಲ್ಲ. ಇವತ್ತು ನಾನೇ ಅವ್ಳಿಗೆ ಯೋಳ್ತೀನಿ. ಭಯ ಆಯ್ತಿತ್ತು, ಈಗ ಇಲ್ಲ."

ಹೇಳಿ, ಹಾರ ಸರಿಮಾಡಿಕೊಂಡು ನಿಂತ. ಆ ಹುಡುಗನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ನೂರು ವರ್ಷ ಚೆನ್ನಾಗಿರಪ್ಪ ಎಂದು ಹರಸಬೇಕು ಅನ್ನಿಸಿತು. ಮನಸ್ಸು ತುಂಬಿ ಬಂದಿತ್ತು, ನಿಜ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ, ನನ್ನ ಬಾಯಿಂದ ಹೊರಟದ್ದು ಬೇರೆ.

"ಎಷ್ಟಿಂಚಿನ್ ತಟ್ಟೆ ಅಪ್ಪಾ ಅವು?" ಎಂದೆ.